ಸೇದದ ಬೀಡಿಯ ಕನಸು

ಕೊಡಲಿಯ ಬಾಯಿ ನನ್ನ ಮೂಗಿನಿಂದ ಒಂದು ಗೇಣು ದೂರ!

"ಗಂಡಸರೇ ಇಲ್ಲದ ಮನಿಯಾಗ ಬೀಡಿ ವಾಸನಿ ಯಾಕ ಬರಾಕತ್ತೈತಿ?" ಅಂದ ಸೂಗಪ್ಪ.



ತಡೀರಿ... ಎಂಟು ದಿನ ಹಿಂದಕ್ಕೆ ಹೋಗೋಣ.

ನಾನು ಗೊಲ್ಲಾಳಮ್ಮ. ಸುರಪುರದವಳು. ಕಾಣೆಯಾದವರನ್ನು ಹುಡುಕಿ ಕೊಡೋದು ನನ್ನ ಕೆಲಸ. ಓಡಿಹೋದ ಸೊಸೆ, ಸಿಟ್ಟಿಗೆದ್ದು ಮನೆ ಬಿಟ್ಟ ಗಂಡ... ಯಾರೇ ಇರಲಿ. ಶಹಾಪುರದ ಕಂಟ್ರಾಕ್ಟರ್ ಸೂಗಪ್ಪ ಜೀಪಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದಿದ್ದ.

"ಕಾಲುವಿ ಗೇಟ್ ಕಾಯೋ ಈಶಪ್ಪ ಕಾಣವಲ್ಲ. ಹಳೇ ದೋಸ್ತ್ ರೀ ನಂದು. ಹೆಂಗರ ಮಾಡಿ ಹುಡುಕಿ ಕೊಡ್ರಿ."

ಅವನ ಕಣ್ಣಲ್ಲಿ ನೀರೂ ಇತ್ತು. ನಂಬಿದೆ!

ಗೋಗಿ ಹತ್ತಿರದ ಹಳ್ಳಿಯಲ್ಲಿ ಈಶಪ್ಪನ ಮನೆ. ಅವನ ಹೆಂಡತಿ ಮೋನಮ್ಮ ನನಗೆ ಪಡಸಾಲೆಯ ನಡುವೆ ಚಾಪೆ ಹಾಸಿದಳು. ನಸುಕಿನಿಂದ ಕಾಲುವೆ ದಂಡೆ ಹಿಡಿದು ಹುಡುಕುತ್ತಿದ್ದೆ. ಬಿಸಿಲೇರಿದ ಮೇಲೆ ಬಂದು ಒರಗುತ್ತಿದ್ದೆ.

ಮೊದಲ ಮಧ್ಯಾಹ್ನವೇ ಆ ಕನಸು!

ನಾನು ಬೀಡಿ ಸೇದುತ್ತಿದ್ದೆ. ನಾನು! ಜನ್ಮದಲ್ಲಿ ಬೀಡಿ ಮುಟ್ಟಿದವಳಲ್ಲ. ಕನಸಿನಲ್ಲಿ ಮಾತ್ರ ಹಳೇ ಚಟದವಳ ಹಾಗೆ ದಮ್ ಎಳೆಯುತ್ತಿದ್ದೆ. ಎದೆಯೊಳಗೆ ಹೊಗೆ ಬೆಚ್ಚಗೆ ಹರಡುತ್ತಿತ್ತು.

ಎದ್ದಾಗ ಬಾಯಿ ಒಣಗಿತ್ತು. ಬೆರಳು ತಾವಾಗಿಯೇ ಏನನ್ನೋ ತಡಕುತ್ತಿದ್ದವು. ಒಂದು ದಮ್ ಬೇಕು... ಒಂದೇ ಒಂದು!

ಮರುದಿನವೂ ಅದೇ. ಅದರ ಮರುದಿನವೂ.

ಹೆದರಿದೆ. ಸುಳ್ಳು ಯಾಕೆ ಹೇಳಲಿ? ಆಸೆ ತೀರದೆ ಸತ್ತವರು ಮಲಗಿದವರ ಬಾಯಿಂದಲೇ ಉಂಡು ಹೋಗ್ತಾರೆ ಅಂತ ನಮ್ಮಾಯಿ, ಅಂದರೆ ಅವ್ವನ ಅವ್ವ, ತೊಡೆಯ ಮೇಲೆ ಮಲಗಿಸಿಕೊಂಡು ಕತೆ ಹೇಳುತ್ತಿದ್ದಳು. ಈಶಪ್ಪ ದಿನಕ್ಕೆ ಎರಡು ಕಟ್ಟು ಬೀಡಿ ಸುಡುವವನಂತೆ. ಹಾಗಾದರೆ ಅವನು ಸತ್ತಿದ್ದಾನೆ... ನನ್ನ ಬಾಯಲ್ಲಿ ಕುಂತಿದ್ದಾನೆ!

ಎಂಟನೆಯ ದಿನವೂ ಅದೇ ಕನಸು. ಎಚ್ಚರವಾಯಿತು, ಕನಸು ಹೋಯಿತು. ವಾಸನೆ ಹೋಗಲಿಲ್ಲ.

ಚಾಪೆಯ ಕೆಳಗೆ ಯಾರೋ ಕೆಮ್ಮಿದರು!

ಹಾರಿ ಎದ್ದೆ. ಚಾಪೆ ಎಳೆದೆ. ಕೆಳಗೆ ಚಪ್ಪಡಿ ಕಲ್ಲು. ಅದರ ಸಂದಿಯಿಂದ ಎಳೆ ಎಳೆಯಾಗಿ ಹೊಗೆ. ಹಗೇವು! ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಕಾಲುವೆ ಬಂದು ಊರೆಲ್ಲ ಭತ್ತ ಹಚ್ಚಿದ ಮೇಲೆ ಖಾಲಿ ಬಿದ್ದಿತ್ತು.

ಸತ್ತವನ ಆಸೆಯಲ್ಲ, ಬದುಕಿದವನ ಹೊಗೆ! ನಿದ್ದೆಯಲ್ಲಿ ದಿನಾ ನನ್ನ ಮೂಗಿಗೆ ಬಡಿದದ್ದು ಅದೇ.

ಮೋನಮ್ಮ ಓಡಿ ಬಂದು ಕಾಲು ಹಿಡಿದಳು.

"ಹೇಳಬ್ಯಾಡ ಯಕ್ಕಾ! ಸೂಗಪ್ಪ ಗೇಟಿನ ಹತ್ರ ಒಬ್ಬನ್ನ ನೀರಾಗ ಒತ್ತಿ ಕೊಂದಿದ್ದು ಇವ ನೋಡ್ಯಾನ. ನಾಳಿ ಯಾದಗಿರಿ ಕೋರ್ಟಿನ್ಯಾಗ ಸಾಕ್ಷಿ. ಮ್ಯಾಲ ನೀ ಮಲಗಿದ್ರ ಯಾರೂ ಕಲ್ಲ ಎತ್ತಂಗಿಲ್ಲ ಅಂತ ಅಲ್ಲೇ ಹಾಸಿದ್ನಿ."

"ಎಂಟು ದಿನ ಬೀಡಿ ಬಿಡು ಅನ್ನಲಿಲ್ಲೇನು?"

"ಅಂದ್ನಿ. ಹೆಂಡ್ತೀನ ಬಿಡ್ತೀನಿ ಅಂದ!"

ಜೀಪಿನ ಸದ್ದು! ಅಂಗಳದಲ್ಲೇ!

ಸಂದಿಗೆ ಬಾಯಿಟ್ಟು ಪಿಸುಗುಟ್ಟಿದೆ. "ತಾ ಇಲ್ಲಿ ಅದನ್ನ!"

ಒಳಗಿನಿಂದ ಎರಡು ಬೆರಳು ಮೇಲೆ ಬಂದವು. ಉರಿಯುವ ಮೋಟು ಬೀಡಿ ನನ್ನ ಕೈಗಿಟ್ಟು ಮಾಯವಾದವು. ಚಾಪೆ ಎಳೆದು ಮೇಲೆ ಕುಂತೆ. ಬೀಡಿ ಬೆನ್ನ ಹಿಂದೆ.

ಸೂಗಪ್ಪ ನುಗ್ಗಿದ. ಕೊಡಲಿ... ಆ ಪ್ರಶ್ನೆ.

ಕೈ ಮುಂದೆ ತಂದೆ. ತುಟಿಗಿಟ್ಟೆ. ಎಳೆದೆ.

ಕೆಮ್ಮಲಿಲ್ಲ. ಎಂಟು ಮಧ್ಯಾಹ್ನದ ಅಭ್ಯಾಸ!

"ಥೂ! ಹೆಣ್ಣಾಗಿ ನಾಚಿಕಿಲ್ಲೇನು?"

"ನಾಚಿಕಿ ಇದ್ದಿದ್ರ ನಿಮ್ಮ ಕೆಲಸ ಹಿಡೀತಿದ್ನೇನ್ರಿ?"

ಅಷ್ಟರಲ್ಲಿ ಕೆಳಗೆ ಮತ್ತೆ ಕೆಮ್ಮು! ಅದರ ಮೇಲೆ ನಾನೇ ಕೆಮ್ಮಿದೆ. ಕಣ್ಣೀರು ಬರೋ ತನಕ, ಕರುಳು ಕಿತ್ತು ಬರೋ ಹಾಗೆ ಕೆಮ್ಮಿದೆ.

ಕೊಡಲಿ ಇಳಿಯಿತು.

"ಈಶಪ್ಪ ಎಲ್ಲಿ?"

"ಕಕ್ಕೇರಾ ಊರಾಗ... ನೋಡಿದೋರು ಅದಾರ. ಲಗೂ ಹೋದ್ರ ಸಿಗ್ತಾನ್ರಿ."

ಜೀಪು ಧೂಳೆಬ್ಬಿಸಿ ಹೋಯಿತು.

ಮರುದಿನ ಈಶಪ್ಪ ಕೋರ್ಟಿನಲ್ಲಿ ಎಲ್ಲ ಹೇಳಿದ. ಸೂಗಪ್ಪ ಒಳಗೆ ಹೋದ. ಮೋನಮ್ಮ ಹಗೇವಿಗೆ ಮಣ್ಣು ತುಂಬಿಸಿದಳು.

ನನಗೆ ಆ ಕನಸು ಮತ್ತೆ ಬಿದ್ದಿಲ್ಲ. ಬೀಳುವ ಜರೂರೇ ಇಲ್ಲ... ಎಲೆಯಡಿಕೆ ಸಂಚಿಯಲ್ಲಿ ಈಗ ಒಂದು ಕಟ್ಟು ಬೀಡಿ ಇರ್ತದೆ!