ಲೆಕ್ಕ ಶುರುವಾದ ದಿನ

ಬೋರ್ಡಿನ ಮೇಲೆ ಎರಡು ವಕ್ರರೇಖೆ. ಹಸಿರು ಸಹೋದ್ಯೋಗಿ ತುರ್ಗುತ್‌ನದು, ಬಿಳಿ ನನ್ನದು. ಒಂದೇ ಆಯಸ್ಕಾಂತ ಕ್ಷೇತ್ರದಲ್ಲಿ ಓಡುವ ಒಂದೇ ಕಣದ ದಾರಿ. ಆದರೂ ಎರಡಕ್ಕೂ ಎಣ್ಣೆ ಸೀಗೆಕಾಯಿ.

"ಬೆಲ್ಕಿಸ್ ಮೇಡಂ, ನೀವೇ ಎಲ್ಲೋ ಎಡವಿದ್ದೀರಿ."

"ಎಡವೋದು ನಿಮ್ಮ ಹಕ್ಕು. ನಾನ್ಯಾಕೆ ಕಿತ್ಕೊಳ್ಳಲಿ?"

ಅವನು ನಕ್ಕ. ನಗುವಾಗ ಎಡಗಣ್ಣು ಮೊದಲು ಕಿರಿದಾಗುತ್ತದೆ. ಟರ್ಕಿಯ ಎಲಾಝಿಗ್‌ನ ಈ ಗಣಿತ ವಿಭಾಗದಲ್ಲಿ ಅದನ್ನು ಗಮನಿಸಿದವಳು ನಾನೊಬ್ಬಳೇ ಇರಬೇಕು. ಆಯಸ್ಕಾಂತ ಕ್ಷೇತ್ರ ಕಣದ ವೇಗವನ್ನು ಮುಟ್ಟುವುದಿಲ್ಲ, ದಾರಿಯನ್ನಷ್ಟೇ ತಿರುಗಿಸುತ್ತದೆ. ತುರ್ಗುತ್ ನನಗೆ ಮಾಡಿದ್ದೂ ಅಷ್ಟೇ. ನಾಲ್ಕು ವರ್ಷ ಎದುರುಬದುರು ಕೂತು ಟೀ ಕುಡಿದೆವು, ಇಬ್ಬರೂ ಬಾಯಿ ಬಿಡಲಿಲ್ಲ. ಸೋಮವಾರ ಅವನು ಹೊಸ ಕೆಲಸಕ್ಕೆ ತನ್ನ ಹುಟ್ಟೂರು ತ್ರಾಬ್ಜೋನ್‌ಗೆ ಹೊರಡುತ್ತಾನೆ.

ಲೋಟದ ಮೇಲೆ ಚಮಚ ಅಡ್ಡ ಇಟ್ಟ. ಅಂದರೆ ಸಾಕು, ಇನ್ನು ಟೀ ಬೇಡ.

"ಹೊರಟ್ರಾ?"

"ಇದೊಂದು ಗೊತ್ತಾಗ್ಲಿ. ನೀವು ಎಲ್ಲಿಂದ ಶುರು ಮಾಡಿದ್ರಿ? ನಾನು ಸೊನ್ನೆಯಿಂದ, ಕ್ಷೇತ್ರ ಹುಟ್ಟಿದ ಕ್ಷಣದಿಂದ."

"ನಾನು ಅದಕ್ಕೂ ಮುಂಚಿನಿಂದ."

"ಮುಂಚೆ ಏನಿತ್ತು ಅಂತ?"

"ಕಣ ಇತ್ತಲ್ಲ, ಓಡ್ತಾ ಇತ್ತಲ್ಲ! ಮಾಮೂಲಿ ಡೆರಿವೇಟಿವ್‌ಗೆ ಈ ಕ್ಷಣ ಸಾಕು. ನಮ್ಮ ಫ್ರಾಕ್ಷನಲ್ ಡೆರಿವೇಟಿವ್ ಹಿಂದಿನದೆಲ್ಲ ನೆನಪಿಟ್ಕೊಳ್ಳತ್ತೆ. ಶುರುವಿನ ಜಾಗ ಬದಲಾದ್ರೆ ಇವತ್ತಿನ ತಿರುವೂ ಬದಲಾಗತ್ತೆ."

ಅವನು ಬೋರ್ಡನ್ನು ನೋಡಿದ, ಆಮೇಲೆ ನನ್ನನ್ನು, ಸ್ವಲ್ಪ ಹೆಚ್ಚೇ ಹೊತ್ತು.

"ನಮ್ಮದನ್ನ ಎಲ್ಲಿಂದ ಎಣಿಸ್ತೀರಿ?" ಕೇಳಿಯೇಬಿಟ್ಟ.

ನನ್ನ ಕಿವಿ ಬಿಸಿಯಾಯಿತು. "ಮೊದಲು ನೀವು ಹೇಳಿ."

"ಹೋದ ಬೇಸಿಗೆ. ಹಜಾರ್ ಸರೋವರದ ಪಿಕ್ನಿಕ್. ಕಲ್ಲಂಗಡಿ ಬೀಜ ಉಗುಳಿ ಡೀನ್ ಟೋಪಿಗೆ ಗುರಿ ಇಟ್ರಲ್ಲ, ಅವತ್ತಿಂದ."

"ನಾನು ನಾಲ್ಕು ವರ್ಷದಿಂದ. ನೀವು ಇಂಟರ್‌ವ್ಯೂಗೆ ಬಂದ ದಿನ. ಒಂದು ಕಾಲಿಗೆ ಕಪ್ಪು ಸಾಕ್ಸು, ಇನ್ನೊಂದಕ್ಕೆ ಕಂದು."

ಅವನು ಬೋರ್ಡಿನತ್ತ ತಿರುಗಿದ. ಡಸ್ಟರ್ ಎತ್ತಿಕೊಂಡ. ನನ್ನ ರೇಖೆಯನ್ನು ಒರೆಸುತ್ತಾನೆ ಅಂದುಕೊಂಡೆ. ಒರೆಸಿದ್ದು ಹಸಿರನ್ನು.

"ಮೂರು ವರ್ಷ ಬಿಟ್ಟೇ ಎಣಿಸಿದ್ದೆ. ಎಂಥಾ ದಡ್ಡ ನಾನು!"

"ಸೋಮವಾರದ ಬಸ್ಸು?" ಕೇಳಿದೆ.

"ಅದನ್ನ ಹತ್ತಲೇಬೇಕು. ಶುಕ್ರವಾರ ವಾಪಸ್ ಬರೋ ಬಸ್ಸೂ ಇದೆ. ಅದರಲ್ಲಿ ಅಮ್ಮನ್ನ ಕರ್ಕೊಂಡು ಬರ್ತೀನಿ, ನಿಮ್ಮಪ್ಪನ ಹತ್ರ ಮಾತಾಡೋಕೆ."

ಲೋಟದ ಮೇಲಿನ ಚಮಚ ತೆಗೆದು ಪಕ್ಕಕ್ಕಿಟ್ಟ.

"ಇನ್ನೊಂದು ಟೀ ಹಾಕು, ಬೆಲ್ಕಿಸ್."

ಹಾಕಿದೆ, ಅರ್ಧ ಟೀ ಸಾಸರಿಗೇ ಬಿತ್ತು.