ಗಾಜಿನ ಬೀರುವಿನಿಂದ ಹಾರಿದ್ದು

1979ರ ಏಪ್ರಿಲ್ 23, ಸೋಮವಾರ. ಬೆಳಿಗ್ಗೆ ಒಂಬತ್ತೂಕಾಲಿಗೆ ತಿಪಟೂರು ಠಾಣೆಗೆ ಬಂದ ದೂರು ಇದು: ಕೊಬ್ಬರಿ ಮಂಡಿ ಶ್ರೀರಂಗಯ್ಯನವರ ಮನೆಯಿಂದ ಒಂದು ವಿಮಾನ ಕಳುವಾಗಿದೆ.

ಹೆಡ್ ಕಾನ್‌ಸ್ಟೇಬಲ್ ಯತ್ತಪ್ಪ ಬರೆಯಲು ಎತ್ತಿದ ಪೆನ್ನನ್ನು ಹಾಗೇ ಕೆಳಗಿಟ್ಟ.

"ಎಷ್ಟು ಸೀಟಿಂದು ಸ್ವಾಮಿ?"

"ತಮಾಷೆ ಬುಡ್ರೀ!" ಎದುರಿಗೆ ನಿಂತಿದ್ದ ಶ್ರೀರಂಗಯ್ಯನವರು ಸಿಡುಕಿದರು. "ಮಾದರಿ ವಿಮಾನ. ರೆಕ್ಕೆ ಎರಡು ಮೊಳ ಐತೆ. ಮೂತಿಗೆ ಪುಟಾಣಿ ಇಂಜಿನ್ನು. ಅದು ಬೊಂಬಾಯಿಂದ ನಾನೇ ತಂದಿದ್ದು ಕಣ್ರೀ!"

ಯತ್ತಪ್ಪ ಹುಳಿಯಾರು ಕಡೆಯ ಕುರಿಗಾರರ ಮನೆಯವನು. ಒಮ್ಮೆ ಕಿವಿಗೆ ಬಿದ್ದ ದನಿ ಅವನ ಗಂಟಲಲ್ಲಿ ಬಾಡಿಗೆ ಕೊಡದೆ ಕೂತುಬಿಡುತ್ತಿತ್ತು. ಹೋದ ವಾರ ಬಾಗಿಲ ಹಿಂದೆ ನಿಂತು ಸಬ್ ಇನ್‌ಸ್ಪೆಕ್ಟರ್ ಬೆಟ್ಟಸ್ವಾಮಿಯವರ ದನಿಯಲ್ಲಿ ಗದರಿ, ಇಬ್ಬರು ಪೇದೆಗಳಿಂದ ಬಾಗಿಲಿಗೇ ಸೆಲ್ಯೂಟ್ ಹೊಡೆಸಿದ್ದ. ಈಗ ನಿಜವಾದ ಬೆಟ್ಟಸ್ವಾಮಿಯೇ ಒಳಗಿಂದ ಬಂದದ್ದರಿಂದ, ಬಾಯಿ ಮುಚ್ಚಿಕೊಂಡು ಎಫ್‌ಐಆರ್ ಬರೆದ. ವಾಸದ ಮನೆಯಲ್ಲಿ ಕಳವು, ಐಪಿಸಿ 380.

ಹತ್ತೂವರೆಗೆ ಪಂಚನಾಮೆ. ನಡುಮನೆಯಲ್ಲಿ ಗಾಜಿನ ಬೀರು; ಒಳಗೆ ರೈಲು ಇಂಜಿನ್ನು, ಉಗಿ ಇಂಜಿನ್ನು, ರೋಡ್ ರೋಲರ್ರು, ಎಲ್ಲ ಮರಿಗಳು, ಎಲ್ಲ ಫಳಫಳ. ಬೀಗ ಒಡೆದಿರಲಿಲ್ಲ. ಶನಿವಾರ ಮನೆಮಂದಿ ಮದುವೆಗೆ ಹೋಗಿದ್ದಾಗ ಹಿತ್ತಲ ಕಡೆಯಿಂದ ಬಂದವರು ಯಾರೋ ಬೀರುವಿನ ಬಾಗಿಲಿನ ತಿರುಪುಗಳನ್ನು ಬಿಚ್ಚಿ, ತಟ್ಟೆಯೊಂದರಲ್ಲಿ ದೊಡ್ಡದು ಚಿಕ್ಕದು ಅಂತ ಸಾಲಾಗಿ ಜೋಡಿಸಿಟ್ಟು ಹೋಗಿದ್ದರು.

"ಇದ್ರಲ್ಲಿ ಎಲ್ಲಕ್ಕಿಂತ ಬೆಲೆಬಾಳೋದು ಯಾವುದು?" ಬೆಟ್ಟಸ್ವಾಮಿ ಕೇಳಿದರು.

"ಈ ಹಿತ್ತಾಳೆ ಉಗಿ ಇಂಜಿನ್ನು."

"ಅದನ್ನ ಮುಟ್ಟಿಲ್ಲ. ಅಂದ್ರೆ ಇದು ಮಾರೋ ಕಳ್ಳ ಅಲ್ಲ, ಓಡಿಸೋ ಕಳ್ಳ. ನೀವು ಓಡಿಸ್ತೀರಾ ಇವನ್ನ?"

"ಓಡಿಸೋದಾ? ಸವೆದೋಗಲ್ವಾ? ಬಂದೋರು ನೋಡ್ಬೇಕು, ಬಾಯಿ ಬಿಡ್ಬೇಕು. ಅಷ್ಟೆ."

"ವಿಮಾನ ಕಟ್ಟಿದ್ದು ಯಾರು?"

"ಹೈಸ್ಕೂಲಿನ ಸರ್ವಮಂಗಳ ಟೀಚರು. ಕತ್ತಾಳೆ ಬೊಂಬು ಸೀಳಿ ಮೈ ಮಾಡಿ, ತಮ್ಮದೇ ರೇಷ್ಮೆ ಸೀರೆ ಹರಿದು ರೆಕ್ಕೆಗೆ ಹೊದಿಸಿದ್ರು. ಹಾರಿಸೋಣ ಅಂತ ಮೊದ್ಲು ನಾನೂ ಅಂದಿದ್ದೆ. ಆಮೇಲೆ ಇಷ್ಟು ಚೆಂದಾಗಿರೋದನ್ನ ಯಾರು ಹಾರಿಸ್ತಾರೆ? ಒಳಗಿಟ್ಟು ಬೀಗ ಹಾಕಿದೆ. ಒಂದೇ ಒಂದ್ಸಲ ಕೊಡಿ ಅಂತ ಪ್ರಾಣ ತಿಂದ್ರು. ಈಗ ಸುಮ್ಮನಾಗವ್ರೆ. ಸಾಧು ಹೆಂಗಸು."

ಬೆಟ್ಟಸ್ವಾಮಿ ತಟ್ಟೆಯಲ್ಲಿದ್ದ ತಿರುಪುಗಳ ಸಾಲನ್ನು ಇನ್ನೊಮ್ಮೆ ನೋಡಿದರು.

"ಇಂಜಿನ್ನಿನ ಸದ್ದು ಹೆಂಗಿರುತ್ತೆ?"

ಬೊಂಬಾಯಿ ಅಂಗಡಿಯಲ್ಲಿ ಒಮ್ಮೆ ಓಡಿಸಿ ತೋರಿಸಿದ್ದರಂತೆ. ಶ್ರೀರಂಗಯ್ಯನವರು ಕಣ್ಣು ಮುಚ್ಚಿ "ಡರ್ರ್ರ್" ಎಂದು ಬಾಯಿ ಮುಕ್ಕಳಿಸಿದರು. ಯತ್ತಪ್ಪ ಅದನ್ನೇ ಜೇಬಿಗೆ ಹಾಕಿಕೊಂಡ.

ಟೀಚರ ಮನೆಗೆ ಬೀಗ. ಪಕ್ಕದ ಮನೆಯ ಶಿವರುದ್ರಮ್ಮ ಜಗಲಿಯಿಂದಲೇ ಹೇಳಿದರು: "ಮೊನ್ನೆಯಿಂದ ಸಂಜೆ ಆದ್ರೆ ಸೈಕಲ್ ಹತ್ತೋದೇ. ಕ್ಯಾರಿಯರಿಗೆ ಉದ್ದನೆ ಗಂಟು. ಹುಳಿಯಾರು ರಸ್ತೆ ಕಡೆ ತಿರುಗ್ತಾರೆ."

"ಹುಳಿಯಾರು ರಸ್ತೇಲಿ ಏನೈತೋ?" ಬೆಟ್ಟಸ್ವಾಮಿ ಜೀಪಿನಲ್ಲಿ ಕೇಳಿದರು.

"ಇಲ್ಲಿ ಏನಿಲ್ಲ ಅಂತ ಕೇಳಿ ಸಾರ್. ತಿಪಟೂರಿನಲ್ಲಿ ತಲೆ ಎತ್ತಿದ್ರೆ ತೆಂಗಿನ ಗರಿ. ಗುಬ್ಬಚ್ಚಿನೂ ದಾರಿ ಕೇಳ್ಕೊಂಡು ಹಾರ್ಬೇಕು. ವಿಮಾನಕ್ಕೆ ಬಯಲು ಬೇಕು. ಬಯಲು ಅಂದ್ರೆ ಈಗ ಒಣಗಿದ ಕೆರೆ."

ಮಂಗಳವಾರ ಮಧ್ಯಾಹ್ನ, ಎರಡು ಒಣಕೆರೆ ಹುಡುಕಿ ಮೂರನೆಯದಕ್ಕೆ ಬಂದಾಗ, ಅಲ್ಲಿ ಕುರಿ ಮೇಯಿಸುತ್ತಿದ್ದ ಮುದ್ದಕ್ಕ ಸಿಕ್ಕಳು.

"ಅಕ್ಕಾ, ಈ ಕಡೆ ಏನಾರಾ ಸದ್ದು ಕೇಳಿಸ್ತಾ?"

"ಕುರಿ ಬ್ಯಾ ಅಂತಾವೆ. ಅಷ್ಟೇಯ."

ಯತ್ತಪ್ಪ ಶ್ರೀರಂಗಯ್ಯನವರ "ಡರ್ರ್ರ್" ತೆಗೆದ. ಮುದ್ದಕ್ಕ ಮುಖ ತಿರುಗಿಸಿದಳು. ಬೇಕೆಂದೇ ಇನ್ನಷ್ಟು ಕೆಡಿಸಿ ಅಂದ. ಅವಳ ತುಟಿ ಅದುರಿತು. ಮೂರನೆಯ ಸಲ ನಡುವೆ ಎರಡು ಕೆಮ್ಮನ್ನೂ ಸೇರಿಸಿದ.

"ಥೂ, ಅಂಗಲ್ಲ ಕಣ್ಲಾ! ರೋಗ ಬಂದ ಹೋತದಂಗೆ ಅಂತೀಯಲ್ಲ. ಮೊದ್ಲು ಮೂಗಿನಾಗೆ ಸಣ್ಣಕೆ ‘ಞೀಂ’, ಆಮ್ಯಾಕೆ ಗಂಟ್ಲು ಬುಟ್ಟು ‘ಞೇಂಂಂ’ ಅಂತ..." ಥಟ್ಟನೆ ಸೆರಗು ಬಾಯಿಗೆ ಹೋಯಿತು.

"ಎಷ್ಟೊತ್ಗೆ ಬತ್ತಾರಕ್ಕಾ?"

"ನಾನೇನಂದೆ? ಏನೂ ಅನ್ನಲಿಲ್ಲ ಬುಡಪ್ಪ."

ಸಂಜೆ ಐದೂಮುಕ್ಕಾಲಿಗೆ ಜೀಪು ಮತ್ತೆ ಕೆರೆಯ ಏರಿ ಹತ್ತಿತು. ಮಾಲು ಗುರುತಿಸಲು ಶ್ರೀರಂಗಯ್ಯನವರೂ ಇದ್ದರು. ಕೆಳಗೆ "ಞೇಂಂಂ" ಶುರುವಾಗಿಬಿಟ್ಟಿತ್ತು. ಮುದ್ದಕ್ಕನದು ಅಚ್ಚುಕಟ್ಟಾದ ಅನುಕರಣೆ ಎಂದು ಯತ್ತಪ್ಪ ಮನಸ್ಸಿನಲ್ಲೇ ಒಪ್ಪಿಕೊಂಡ. ವಿಮಾನವನ್ನು ಹಿಡಿದು ಬಿಟ್ಟವಳೂ ಅವಳೇ; ದೂರ ಸರಿದು ಚಪ್ಪಾಳೆ ತಟ್ಟುತ್ತಿದ್ದಳು.

ಬಯಲಿನ ನಡುವೆ ಸರ್ವಮಂಗಳ. ಐವತ್ತರ ಹತ್ತಿರದ ವಯಸ್ಸು, ಸೊಂಟಕ್ಕೆ ಬಿಗಿದ ಸೆರಗು. ಕೈಯಲ್ಲೊಂದು ಹಿಡಿ, ಹಿಡಿಯಿಂದ ಹೊರಟ ಎರಡು ಉಕ್ಕಿನ ಎಳೆಗಳ ತುದಿಯಲ್ಲಿ ನೇರಳೆ ರೇಷ್ಮೆಯ ವಿಮಾನ ಅವರ ಸುತ್ತ ಗಿರ್ರನೆ ಸುತ್ತುತ್ತಿತ್ತು. ಅದರೊಂದಿಗೆ ಅವರೂ ತಿರುಗುತ್ತಿದ್ದರು.

"ಟೀಚರ್! ಪೊಲೀಸು! ನಿಲ್ಲಿಸಿ!" ಬೆಟ್ಟಸ್ವಾಮಿ ನುಗ್ಗಿದರು.

"ಅಲ್ಲೇ ನಿಲ್ಲಿ! ಒಳಗೆ ಬಂದ್ರೆ ತಲೆ ಒಡೆಯುತ್ತೆ!"

"ನಿಲ್ಲಿಸ್ರೀ ಅಂದ್ರೆ!"

"ನಿಲ್ಲಿಸೋಕೆ ಬರಲ್ಲ! ಎಣ್ಣೆ ಮುಗಿಯೋವರೆಗೂ ಕಾಯ್ರಿ!"

ಸರ್ಕಾರ ಕಾಯಿತು. ಟೀಚರು ಮಣಿಕಟ್ಟು ತುಸು ಎತ್ತಿದರು. ವಿಮಾನ ನೆಟ್ಟಗೆ ಮೇಲೇರಿ, ಬೆನ್ನು ಕೆಳಗಾಗಿ ಲಾಗ ಹೊಡೆದು, ಪೊಲೀಸರ ಟೋಪಿಗಳ ಮೇಲೇ ಹಾದುಹೋಯಿತು. ಮಂಡಿ ಶ್ರೀರಂಗಯ್ಯನವರು ಮಂಡಿಯೂರಿದರು. ಮುಂದಿನ ಸುತ್ತು ಬಂದಾಗ ಏಳುವುದನ್ನೂ ಮರೆತು, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಇಂಜಿನ್ನು ಕೆಮ್ಮಿ ನಿಂತಿತು. ವಿಮಾನ ಸದ್ದಿಲ್ಲದೆ ಅರ್ಧ ಸುತ್ತು ಬಂದು, ಬಿರಿದ ಮಣ್ಣಿನ ಮೇಲೆ ಇಳಿಯಿತು. ಸರ್ವಮಂಗಳ ಇಂಜಿನ್ನು ಉಗುಳಿದ ಹರಳೆಣ್ಣೆ ಮೆತ್ತಿದ ಕೈ ಒರೆಸಿಕೊಂಡು, ತಿರುಪುಳಿಯಿಂದ ಇಂಜಿನ್ನು ಬಿಚ್ಚಿ ಮುಂದೆ ಹಿಡಿದರು.

"ಇದು ಅವರದು. ತಗೊಳ್ಳಿ. ಮಿಕ್ಕಿದ್ದು ನನ್ನದು."

"ಸದ್ಯಕ್ಕೆ ಎರಡೂ ಜಪ್ತಿ ಮಾಲು," ಎಂದರು ಬೆಟ್ಟಸ್ವಾಮಿ.

ಶ್ರೀರಂಗಯ್ಯನವರು ಪಂಚೆಯ ಮಣ್ಣು ಕೊಡವಿದರು. ದನಿ ಇಳಿದಿತ್ತು. "ಟೀಚರ್, ತಪ್ಪಾಯ್ತು ಅಂತ ಒಂದು ಮಾತು ಅಂದ್ಬುಡಿ. ನಾನು ಮುಂದುವರಿಯಕ್ಕಿಲ್ಲ. ಇಲ್ಲೇ ಮುಗಿಸೋಣ."

"ಅಂದ್ರೆ ಇದು ಮತ್ತೆ ಬೀರುವಿಗೆ?"

"ಇನ್ನೆಲ್ಲಿಗೆ?"

"ಹಾಗಾದ್ರೆ ಅನ್ನಲ್ಲ."

"ಯೋಚನೆ ಮಾಡಿ," ಬೆಟ್ಟಸ್ವಾಮಿ ಮೆಲ್ಲಗೆ ಅಂದರು. "ದಸ್ತಗಿರಿ ಮಾಡಿದ್ರೆ ನಾಳೆನೇ ಸಸ್ಪೆನ್ಷನ್. ಇಷ್ಟು ವರ್ಷದ ಸರ್ವೀಸು."

"ಇಷ್ಟು ವರ್ಷವೂ ಮಕ್ಕಳಿಗೆ ‘ಮಾಡಿ ನೋಡಿ’ ಅಂತ ಹೇಳಿದ್ದೀನಿ. ನಡೀರಿ. ಅದನ್ನ ರೆಕ್ಕೆ ಹಿಡಿದು ಎತ್ತಬೇಡ್ರೀ ಯತ್ತಪ್ಪನೋರೆ, ಹೊಟ್ಟೆ ಹಿಡೀರಿ!"

ಯತ್ತಪ್ಪ ಹೊಟ್ಟೆ ಹಿಡಿದ. ಠಾಣೆಯಲ್ಲಿ ಮಹಿಳಾ ಪೇದೆ ಇರಲಿಲ್ಲ. ಕುರಿಗಳನ್ನು ಮೈದುನನಿಗೆ ಒಪ್ಪಿಸಿ, ಯಾರೂ ಕರೆಯದಿದ್ದರೂ ಮುದ್ದಕ್ಕನೇ ಜೀಪು ಹತ್ತಿ ಟೀಚರ ಪಕ್ಕ ಕೂತಳು. ಆರೂವರೆಗೆ ದಸ್ತಗಿರಿ ದಾಖಲಾಯಿತು.

ಟೀಚರ ಹೇಳಿಕೆಯನ್ನು ಯತ್ತಪ್ಪ ಓದಿ ಹೇಳಿದ. ಹಾರಲೆಂದು ಕಟ್ಟಿದ್ದನ್ನು ಶ್ರೀರಂಗಯ್ಯನವರು ಗಾಜಿನ ಹಿಂದೆ ಕೂರಿಸಿದ್ದು, ಬಂದವರೆದುರು ಅದನ್ನು ಗೊಂಬೆ ಎಂದು ಕರೆದದ್ದು, ಕೇಳಿದಾಗಲೆಲ್ಲ ನಕ್ಕು ಕಳಿಸಿದ್ದು, ಎಲ್ಲ ಅದರಲ್ಲಿತ್ತು. ಕೊನೆಗೆ, ಕೈಗೆ ರೂಢಿಯಾಗಿದ್ದ ಸಾಲು: "ಮಾಡಿದ ಕೃತ್ಯಕ್ಕೆ ನನಗೆ ಪಶ್ಚಾತ್ತಾಪವಿರುತ್ತದೆ."

"ಅದು ನಾನು ಹೇಳಿದ್ದಲ್ಲ. ಹೊಡೆದುಹಾಕಿ."

ಯತ್ತಪ್ಪ ಸಾಹೇಬರ ಮುಖ ನೋಡಿದ. ಬೆಟ್ಟಸ್ವಾಮಿ ತಲೆ ಆಡಿಸಿದರು. ಅವನು ಹೊಡೆದುಹಾಕಿದ.

"ಆ ಜಾಗದಲ್ಲಿ ಏನು ಬರೀಲಿ ಮೇಡಂ?"

"ಮೊದಲನೇ ಸುತ್ತಿಗೇ ಹಾರಿತು ಅಂತ ಬರೀರಿ."

ಬರೆದ.