ಕೆಟ್ಟ ದಿನಗಳ ಪಟ್ಟಿ

"ಇದು ಅಂಟುತ್ತೇನಮ್ಮಾ?"

ಗಿರಾಕಿ ಹೆಂಗಸು ಚಾಚಿದ್ದ ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು. ಹೊಸ ಸೋಫಾ ಕವರು ಹಿಡಿದು ಎದುರಿಗೆ ನಿಂತಿದ್ದವಳ ಕೈತುಂಬ, ಮಣಿಕಟ್ಟಿನಿಂದ ಮೊಣಕೈವರೆಗೆ, ಕೆಂಪು ಕೆಂಪಾಗಿ ದದ್ದು ಎದ್ದಿತ್ತು.

ಅವಳನ್ನು ಅಂಗಡಿಯಲ್ಲಿ ಎಲ್ಲರೂ ಕರೆಯುವುದು ಸೂಜಿ ಎಂದು. ಸೋಫಾ, ಕುರ್ಚಿ ರಿಪೇರಿ ಮಾಡುವ ಅಂಗಡಿ ಅದು. ಅಲ್ಲಿ ಕವರು ಹೊಲಿಯುವವಳು ಇವಳೊಬ್ಬಳೇ. 'ಮಾತೇ ಆಡಲ್ಲ, ಆಡಿದ್ರೆ ಚುಚ್ತಾಳೆ' ಎಂದು ಗೊಣಗುತ್ತಾ ಆ ಹೆಸರಿಟ್ಟವರು ಓನರಮ್ಮ.

ಆದರೆ ಇವತ್ತು ಸೂಜಿಗೆ ಚುಚ್ಚುವ ಮನಸ್ಸೂ ಇರಲಿಲ್ಲ.

"ಅಂಟಲ್ಲ ಮೇಡಂ. ಪಿತ್ತದ ಗಂಧೆ... ಸಂಜೆ ಹೊತ್ತಿಗೆ ತಾನೇ ಇಳಿಯುತ್ತೆ."

"ಗಂಧೆನೋ ಗಿಂಧೆನೋ! ಬೇರೆ ಯಾರಾದ್ರೂ ಪ್ಯಾಕ್ ಮಾಡ್ಕೊಡಿ."

ಮೂಲೆಯಲ್ಲಿ ಎತ್ತಿ ನಿಲ್ಲಿಸಿದ್ದ ಹಳೇ ಸೋಫಾದ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಆ ಕಾಲುಗಳ ಕಡೆಯಿಂದ ಒಂದು ದನಿ ಬಂತು.

"ಈ ಅಂಗಡೀಲಿ ಅಂಟೋದು ಗೋಂದು ಒಂದೇ ಮೇಡಂ. ಅದೂ ನೆಟ್ಟಗೆ ಅಂಟ್ತಿಲ್ಲ, ಬೆಳಗ್ಗೆಯಿಂದ ಒದ್ದಾಡ್ತಾ ಇದೀನಿ!"

ತಲೆತುಂಬ ಮರದ ಪುಡಿ, ಕಿವಿಯ ಮೇಲೆ ಕೆಂಪು ಪೆನ್ಸಿಲು. ಆ ಬೆಳಿಗ್ಗೆಯಷ್ಟೇ ಕೆಲಸಕ್ಕೆ ಸೇರಿದ್ದ ಹೊಸ ಬಡಗಿ ತೆವಳಿಕೊಂಡು ಹೊರಗೆ ಬಂದ. ಕೈ ಒರೆಸಿಕೊಂಡು, ಸೀದಾ ಸೂಜಿಯ ಹತ್ತಿರ ಬಂದು, ಅವಳ ತೋಳಿನ ಮೇಲಿದ್ದ ಕವರನ್ನು ಎತ್ತಿಕೊಂಡ. ದದ್ದಿಗೆ ತನ್ನ ಬೆರಳು ತಾಗುತ್ತದೆಂದು ಅವನು ಒಂದಿಷ್ಟೂ ಹೆದರಲಿಲ್ಲ. ಮಡಚಿ, ಗಿರಾಕಿಯ ಚೀಲಕ್ಕೆ ಹಾಕಿ, ನಮಸ್ಕಾರ ಹೇಳಿ ಕಳಿಸಿಯೂ ಬಿಟ್ಟ.

ಆಮೇಲೆ ಸೂಜಿಯ ಕಡೆ ತಿರುಗಿ, "ಒದ್ದೆ ಬಟ್ಟೆ ಏನಾದ್ರೂ ತರ್ಲಾ?" ಎಂದ.

ಇದೇನು, ಯಾವುದರಿಂದ ಬಂತು, ಏನು ತಿಂದೆ... ಒಂದು ಪ್ರಶ್ನೆಯೂ ಇಲ್ಲ!

ಸೂಜಿ ಬೇಡವೆಂದು ತಲೆಯಾಡಿಸಿದಳು. ದದ್ದು ಎದ್ದ ದಿನ ತನ್ನ ಕೈಯಿಂದ ಯಾರಾದರೂ ಏನನ್ನಾದರೂ ಇಸಿದುಕೊಂಡು ಎಷ್ಟು ಕಾಲವಾಗಿತ್ತೋ ಅವಳಿಗೆ ನೆನಪಿರಲಿಲ್ಲ.

ಹೌದು, ಎರಡು ವರ್ಷದ ಹಿಂದೆ ಅವಳಿಗೊಂದು ಮದುವೆ ಗೊತ್ತಾಗಿತ್ತು. ಹುಡುಗನ ಮನೆಯವರು ಹೇಳದೆ ಕೇಳದೆ ಬಂದ ಒಂದು ದಿನ ಸೂಜಿಯ ತುಟಿ ಊದಿ, ಒಂದು ಕಣ್ಣು ಅರ್ಧ ಮುಚ್ಚಿಹೋಗಿತ್ತು. ಹುಡುಗ ಅವಳನ್ನು ನೋಡಿ, ಅವನಮ್ಮನನ್ನು ನೋಡಿ, ನೆಲ ನೋಡಿದ. ಮಾರನೇ ದಿನ ಫೋನು ಬಂತು. 'ಬೇಜಾರು ಮಾಡ್ಕೋಬೇಡಿ, ನಮ್ಮದು ದೊಡ್ಡ ಕುಟುಂಬ...' ಎಂದೇನೋ ಹೇಳಿದರು. ಅಂದಿನಿಂದ ಮುಖದ ಮೇಲೆ ಗಂಧೆ ಎದ್ದ ದಿನ ಸೂಜಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ಕೈಗೆ ಎದ್ದರೆ ಉದ್ದ ತೋಳಿನ ಅಂಗಿ, ಕುತ್ತಿಗೆಗೆ ಎದ್ದರೆ ಸ್ಕಾರ್ಫು. ಮುಖಕ್ಕೆ ಮಾತ್ರ ಯಾವ ಬಟ್ಟೆಯೂ ಸಾಲದು.

ಹೊಸ ಬಡಗಿ ಎರಡೇ ವಾರದಲ್ಲಿ ಎಲ್ಲರಿಗೂ 'ಮೇಸ್ತ್ರಿ'ಯಾದ. ಹನ್ನೊಂದು ಗಂಟೆಯ ಟೀ ಅವನು ಕುಡಿಯುವುದು ಸೂಜಿಯ ಮಿಷಿನ್ನಿನ ಪಕ್ಕದಲ್ಲಿ, ಕಾಲು ಮುರಿದ ಸ್ಟೂಲಿನ ಮೇಲೆ.

"ಅದನ್ನ ಮೊದ್ಲು ರಿಪೇರಿ ಮಾಡ್ಬಾರ್ದಾ? ಬಡಗಿ ಅಂತೆ ಬಡಗಿ!" ಎಂದು ಸೂಜಿ ಚುಚ್ಚುವಳು.

"ರಿಪೇರಿ ಮಾಡಿದ್ರೆ ಓನರಮ್ಮ ತಗೊಂಡು ಹೋಗಿ ಗಿರಾಕಿಗೆ ಹಾಕ್ತಾರೆ. ನಾನೆಲ್ಲಿ ಕೂತ್ಕೊಳ್ಳಲಿ?"

ಅವಳು ನಗುವಳು. ನೋಡಿ, ಇಷ್ಟೇ! ಇಷ್ಟು ಸಣ್ಣ ಮಾತುಗಳಲ್ಲೇ ಮನಸ್ಸು ಜಾರಿಬಿಡುತ್ತದೆ. ಜಾರಿದವರಿಗೆ ಗೊತ್ತಾಗುವುದು ತಡವಾಗಿ.

ಆ ತಿಂಗಳೇ ಅವಳು ಹೊಸ ಚರ್ಮದ ಡಾಕ್ಟರನ್ನು ಕಂಡಳು. ನರೆಗೂದಲಿನ ಆಕೆ ಒಂದು ನೋಟ್‌ಬುಕ್ ಇಡಲು ಹೇಳಿದರು. ದಿನಾ ಏನು ತಿಂದೆ, ಏನು ಮುಟ್ಟಿದೆ, ಎಲ್ಲಿದ್ದೆ, ಯಾರ ಜೊತೆ ಇದ್ದೆ, ನಿದ್ದೆ ಬಂತಾ, ಎಲ್ಲ ಬರೆಯಬೇಕು. ಗಂಧೆ ಎದ್ದ ದಿನಕ್ಕೆ ಒಂದು ಗುರುತು ಹಾಕಬೇಕು.

ಸೂಜಿ ಹೊಲಿಗೆಯಷ್ಟೇ ಅಚ್ಚುಕಟ್ಟಾಗಿ ಬರೆದಳು. ಎರಡು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಅವಳ ದಿನಗಳಲ್ಲಿ ಮೇಸ್ತ್ರಿ ಇದ್ದ, ಹಾಗಾಗಿ ಪುಟಗಳಲ್ಲೂ ಇದ್ದ. ಡಾಕ್ಟರಿಗೆ ತೋರಿಸಲು ಸುಲಭವಾಗಲಿ ಎಂದು, ಹೋಗುವ ಮೊದಲು ಗಂಧೆ ಎದ್ದ ಹದಿನಾಲ್ಕು ದಿನಗಳನ್ನು ಮಾತ್ರ ಒಂದು ಹಾಳೆಗೆ ಇಳಿಸಿದಳು. ಅಷ್ಟರಲ್ಲಿ ಡಾಕ್ಟರು ರಜೆ, ಮೂರು ವಾರ ಬಿಟ್ಟು ಬನ್ನಿ ಎಂದು ಫೋನು ಬಂತು.

ಆ ಅಂಗಡಿಯಲ್ಲೊಂದು ರೂಢಿ. ಅಳತೆ ಬರೆದ ಚೀಟಿಗಳೆಲ್ಲ ಸೂಜಿಯ ಮಿಷಿನ್ನಿನ ಮೇಲಿರುವ ಒಂದೇ ಮೊಳೆಗೆ ಹೋಗಬೇಕು. ಸೂಜಿ ಕವರು ಕತ್ತರಿಸುವುದೂ ಆ ಚೀಟಿ ನೋಡಿ, ಮೇಸ್ತ್ರಿ ಮರ ಕೊಯ್ಯುವುದೂ ಅದೇ ಚೀಟಿ ನೋಡಿ. ಕೈಗೆ ಕಾಗದ ಸಿಕ್ಕರೆ ಸಾಕು, ಮೊಳೆಗೆ ಸಿಕ್ಕಿಸಿಬಿಡುವುದು ಅವಳ ಕೈಯ ಅಭ್ಯಾಸ. ಫೋನು ಕಿವಿಗಿಟ್ಟುಕೊಂಡೇ ಅವಳು ಆ ಹಾಳೆಯನ್ನೂ ಸಿಕ್ಕಿಸಿದಳು!

ಮಧ್ಯಾಹ್ನ ಮೇಸ್ತ್ರಿ ಚೀಟಿಗಳ ಕಟ್ಟು ಇಳಿಸಿಕೊಂಡು ತನ್ನ ಬೆಂಚಿಗೆ ಒಯ್ದ. ಮೂರನೆಯ ಹಾಳೆಯ ತಲೆಯ ಮೇಲೆ ಬರೆದಿತ್ತು: ಗಂಧೆ ಎದ್ದ ದಿನಗಳು.

'ಮೇಸ್ತ್ರಿ ಜೊತೆ ಟೀ. ಸಂಜೆ ಕುತ್ತಿಗೆಗೆ ಎದ್ದಿತು.'

'ಮೇಸ್ತ್ರಿ ಹಳೇ ಕುರ್ಚಿ ಬಿಚ್ಚಿದರು, ಪಕ್ಕದಲ್ಲಿದ್ದೆ. ಬೆನ್ನು, ಹೊಟ್ಟೆ.'

'ಮೇಸ್ತ್ರಿ ಕೈ ತಾಗಿತು. ಮನೆಗೆ ಹೋಗುವಷ್ಟರಲ್ಲಿ ತುಟಿ ಊದಿತ್ತು.'

ಓದಬಾರದಿತ್ತು, ನಿಜ. ಆದರೆ ತನ್ನ ಹೆಸರು ಕಂಡ ಮೇಲೆ ಯಾರು ತಾನೇ ಕಣ್ಣು ಮುಚ್ಚಿಕೊಳ್ಳುತ್ತಾರೆ? ಮರದ ಲೆಕ್ಕ ಹಾಕುವವನಂತೆ ಅವನು ಕಿವಿಯಿಂದ ಪೆನ್ಸಿಲು ತೆಗೆದು ಒಂದೊಂದಕ್ಕೂ ಸಣ್ಣ ಗೀಟು ಹಾಕುತ್ತ ಹೋದ. ಹದಿನಾಲ್ಕರಲ್ಲಿ ಹನ್ನೊಂದು ದಿನ... ಅವನೇ.

ಹಾಳೆಯನ್ನು ಮತ್ತೆ ಮೊಳೆಗೆ ಸಿಕ್ಕಿಸಿ, ಅವನು ಹಿತ್ತಲಿಗೆ ಹೋಗಿ ಮೈಮೇಲಿನ ಮರದ ಪುಡಿ ಕೊಡವುತ್ತ ಬಹಳ ಹೊತ್ತು ನಿಂತಿದ್ದ. ಸಂಜೆ ಸೂಜಿ ಹಾಳೆ ತೆಗೆದು, ಮಡಚಿ, ಚೀಲಕ್ಕೆ ಹಾಕಿಕೊಂಡಳು. ಬಿಡಿಸಿ ನೋಡಲಿಲ್ಲ.

ಮರುದಿನ ಹನ್ನೊಂದಕ್ಕೆ ಸ್ಟೂಲು ಖಾಲಿ.

"ಮೇಸ್ತ್ರಿ, ಟೀ ಆರ್ತಿದೆ!"

"ನೀವು ಕುಡೀರಿ. ನಂಗೆ ಕೆಲ್ಸ ಇದೆ."

ನೀವು ಕುಡೀರಿ! ಆ ತಣ್ಣನೆಯ ದನಿ ಕೇಳಿ ಸೂಜಿ ಮಿಷಿನ್ನು ನಿಲ್ಲಿಸಿದಳು. ಅದರ ಮರುದಿನ ಅವನ ಬೆಂಚು ಹಿತ್ತಲಿನ ಶೆಡ್ಡಿಗೆ ಹೋಯಿತು. ಅವಳು ಆ ಕಡೆ ಹೋದರೆ ಅವನು ಈ ಕಡೆ ಬರುವನು, ಅವಳ ಕಣ್ಣಿಗೆ ಕಣ್ಣು ಕೊಡಲಾರನು.

'ನಾನೇನು ಮಾಡಿದೆ?' ಎಂದು ತಲೆ ಕೆಡಿಸಿಕೊಂಡಳು. ಆಮೇಲೆ ನೆನಪಾಯಿತು. ಹಿಂದಿನ ವಾರ ಕೆಲಸದ ನಡುವೆಯೇ ಕೆನ್ನೆಗೆ ಗಂಧೆ ಎದ್ದಿತ್ತು. ಸ್ಕಾರ್ಫು ಎಳೆದುಕೊಳ್ಳುವ ಮೊದಲೇ ಅವನು ನೋಡಿದ್ದ. ಹಾಗಾದರೆ ಇವನೂ ಅಷ್ಟೇ! ಕೈ ಮೇಲಿನ ದದ್ದಿಗೆ ಧೈರ್ಯ, ಮುಖದ ಮೇಲೆ ಎದ್ದರೆ ಕಾಲಿಗೆ ಬುದ್ಧಿ!

ಎರಡನೇ ವಾರ ಅವನು ಕೆಲಸವನ್ನೇ ಬಿಟ್ಟ. ಬಾಗಿಲು ಕಿಟಕಿ ಮಾಡುವ ಕಾರ್ಖಾನೆಗೆ ಸೇರಿದನಂತೆ ಎಂದು ಓನರಮ್ಮ ಹೇಳಿದಾಗ, ಸೂಜಿ ತಲೆಯೆತ್ತದೆ ಹೊಲಿಯುತ್ತಲೇ ಇದ್ದಳು.

"ಕೇಳಿಸ್ತೇನೇ? ಅವ್ನು ಹೋದ ಕಣೇ!"

"ಹೋಗ್ಲಿ ಬಿಡಿ. ಎಲ್ರೂ ಹೋಗ್ತಾರೆ."

ಮನೆಗೆ ಬಂದವಳೇ ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟಳು. ಅಮ್ಮ ಕೂದಲು ಸವರುತ್ತ ಕೂತರು.

ಗಂಧೆ ಮಾತ್ರ ಅವಳನ್ನು ಬಿಟ್ಟು ಹೋಗಲಿಲ್ಲ. ಅವನು ಹೋದ ಹನ್ನೆರಡನೆಯ ದಿನ, ಡಾಕ್ಟರನ್ನು ಕಾಣಬೇಕಿದ್ದ ಬೆಳಿಗ್ಗೆಯೇ, ಮುಖವೆಲ್ಲ ಊದಿಕೊಂಡು ಎದ್ದಳು.

ಡಾಕ್ಟರು ಮೊದಲು ನಾಲಿಗೆ ನೋಡಿದರು, ಉಸಿರು ಕೇಳಿದರು. ಗಾಬರಿಪಡುವಂಥದ್ದೇನಿಲ್ಲ ಎಂದು ಖಾತ್ರಿಯಾದ ಮೇಲೆ ಹಾಳೆ ಬಿಡಿಸಿದರು.

"ಈ ಮೇಸ್ತ್ರಿ ಯಾರಮ್ಮ? ಎಲ್ಲಾ ಕಡೆ ಇದಾರಲ್ಲ!"

ಊದಿದ ಮುಖದಲ್ಲೂ ಸೂಜಿಗೆ ನಾಚಿಕೆಯಾಯಿತು. "ಜೊತೇಲಿ ಕೆಲ್ಸ ಮಾಡ್ತಿದ್ರು ಡಾಕ್ಟ್ರೇ."

"ಬರೀ ಕೆಟ್ಟ ದಿನ ತಂದ್ರೆ ನಂಗೇನು ಗೊತ್ತಾಗುತ್ತೆ? ಪುಸ್ತಕ ಕೊಡು." ಅವರು ಪುಟ ತಿರುವಿದರು. "ನೋಡು, ಗಂಧೆ ಇಲ್ದಿರೋ ದಿನಾನೂ ಇದಾರೆ. ಮೇಸ್ತ್ರಿ, ಮೇಸ್ತ್ರಿ, ಮೇಸ್ತ್ರಿ... ಅವ್ರಿದ್ದ ಒಳ್ಳೇ ದಿನಗಳೇ ಮೂವತ್ತಕ್ಕೆ ಮೇಲಿದೆಯಲ್ಲೇ! ಮೊಟ್ಟೆ, ಕಡಲೆಕಾಯಿದೂ ಅಷ್ಟೇ ಕಥೆ, ತಿಂದಾಗ್ಲೂ ಎದ್ದಿಲ್ಲ, ಬಿಟ್ಟಾಗ್ಲೂ ಎದ್ದಿದೆ. ಸುಮ್ನೆ ಬಾಯಿ ಕಟ್ಟಿದೀಯ. ಹೀಗೆ ತಿಂಗಳುಗಟ್ಲೆ ಬರೋ ಗಂಧೆಗೆ ಎಷ್ಟೋ ಸಲ ಕಾರಣಾನೇ ಸಿಗಲ್ಲ ಮಗಳೇ. ಯಾರದೂ ತಪ್ಪಲ್ಲ, ನಿಂದೂ ಅಲ್ಲ. ಮಾತ್ರೆ ದಿನಾ ತಗೋ, ಎದ್ದಾಗ ಮಾತ್ರ ಅಲ್ಲ. ಗಂಟಲು ಬಿಗಿದ್ರೆ, ಉಸಿರು ಕಟ್ಟಿದ್ರೆ ತಕ್ಷಣ ಆಸ್ಪತ್ರೆಗೆ ಓಡು. ಸರೀನಾ? ಅಂದ ಹಾಗೆ, ಈ ಕೆಂಪು ಗೀಟು ಯಾಕೆ ಹಾಕಿದೀಯ?"

"ಯಾವ ಗೀಟು?"

ಸೂಜಿ ಹಾಳೆ ಇಸಿದುಕೊಂಡಳು. ಹನ್ನೊಂದು ಸಾಲಿನ ಮುಂದೆ ಹನ್ನೊಂದು ಗೀಟು. ಬಡಗಿಯ ದಪ್ಪ ಪೆನ್ಸಿಲು. ಮೊಳೆ, ಚೀಟಿಗಳ ಕಟ್ಟು, ಮರುದಿನದ ಖಾಲಿ ಸ್ಟೂಲು... ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು.

'ಅಯ್ಯೋ ದೇವರೇ... ಅವರು ಮುಖ ನೋಡಿ ಹೋಗಿದ್ದಲ್ಲ. ಇದನ್ನ ಓದಿ ಹೋಗಿದ್ದು!'

ಮಾತ್ರೆ ನುಂಗಿ ಆಸ್ಪತ್ರೆಯಿಂದ ಹೊರಗೆ ಬಂದಾಗ, ಬಾಗಿಲ ಬಳಿ ಕಾಯುತ್ತಿದ್ದ ಅಮ್ಮ ಸ್ಕಾರ್ಫು ಚಾಚಿದರು. "ಸುತ್ಕೋ, ಮನೆಗೆ ಹೋಗೋಣ."

"ನೀನು ಹೋಗಮ್ಮ. ನಂಗೆ ಒಂದು ಕಡೆ ಹೋಗೋದಿದೆ."

"ಈ ಮುಖ ಇಟ್ಕೊಂಡಾ?"

"ಇನ್ಯಾವ ಮುಖ ಇದೆಯಮ್ಮ ನಂಗೆ?"

ಅಮ್ಮ ಸ್ಕಾರ್ಫು ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. "ಹುಷಾರಾಗಿ ಹೋಗಿ ಬಾ," ಎಂದರು.

ಬಸ್ಸಿನಲ್ಲಿ ಪಕ್ಕದ ಸೀಟಿನವರು ಎದ್ದು ಹೋದರು. ಎದುರಿಗಿದ್ದ ಒಂದು ಮಗು ಬೆರಳು ತೋರಿಸಿತು, ಅದರ ತಾಯಿ ಬೆರಳು ಹಿಡಿದು ಕೆಳಗೆ ಎಳೆದಳು. ಸೂಜಿಗೆ ಮುಂದಿನ ಸ್ಟಾಪಿನಲ್ಲೇ ಇಳಿದುಬಿಡೋಣ ಎನಿಸಿತು. ಕಂಬಿ ಗಟ್ಟಿಯಾಗಿ ಹಿಡಿದುಕೊಂಡು ಕೂತಳು. ಇವತ್ತು ಹೇಳದಿದ್ದರೆ ಅವನು ಜೀವಮಾನವಿಡೀ ತನ್ನಿಂದ ಅವಳಿಗೆ ಹೀಗಾಯಿತು ಎಂದುಕೊಂಡೇ ಬದುಕುತ್ತಾನೆ. ಅದನ್ನು ನೆನೆದರೆ ಈ ಉರಿ ಏನೂ ಅಲ್ಲ.

ಕಾರ್ಖಾನೆಯಲ್ಲಿ ಊಟದ ಹೊತ್ತು. ಜೋಡಿಸಿಟ್ಟ ಬಾಗಿಲುಗಳ ನಡುವೆ ಮೇಸ್ತ್ರಿ ಒಬ್ಬನೇ ಕೂತಿದ್ದ. ಅವಳನ್ನು ಕಂಡವನೇ ದಿಗ್ಗನೆದ್ದು ನಾಲ್ಕು ಹೆಜ್ಜೆ ಹಿಂದೆ ಸರಿದ.

"ಅಲ್ಲೇ ನಿಲ್ಲಿ! ಬರ್ಬೇಡಿ, ನನ್ನ ಮೈಯೆಲ್ಲ ಧೂಳು..."

"ಬರ್ತೀನಿ."

"ನಿಮ್ಮ ಮುಖ... ದಮ್ಮಯ್ಯ, ದೂರ ಇರಿ. ನನ್ನಿಂದ್ಲೇ ನಿಮ್ಗೆ..."

"ನಿಮ್ಮಿಂದಾನಾ?" ಸೂಜಿ ಇನ್ನೊಂದು ಹೆಜ್ಜೆ ಮುಂದೆ ಬಂದಳು. "ನೀವು ಹೋಗಿ ಹನ್ನೆರಡು ದಿನ ಆಯ್ತು ಮೇಸ್ತ್ರಿ! ಟೀ ಇಲ್ಲ, ಮಾತಿಲ್ಲ, ನಿಮ್ಮ ನೆರಳೂ ಇಲ್ಲ. ಹಾಗಿದ್ರೆ ಇದನ್ನ ಯಾರು ಕೊಟ್ರು? ಹೇಳಿ!"

ಅವನು ಹಿಂದೆ ಸರಿಯುವುದನ್ನು ನಿಲ್ಲಿಸಿದ.

ಅವಳು ನೋಟ್‌ಬುಕ್ ತೆಗೆದು ಎದುರಿಗಿದ್ದ ಬಾಗಿಲಿನ ಮೇಲಿಟ್ಟಳು. "ನೀವು ಓದಿದ್ದು ಬರೀ ಕೆಟ್ಟ ದಿನ. ನಾನು ಅಷ್ಟನ್ನೇ ಬರ್ಕೊಂಡಿದ್ದೆ. ಇದು ಪೂರ್ತಿ."

ಮೇಸ್ತ್ರಿ ಹೆದರುತ್ತಲೇ ಪುಟ ತಿರುವಿದ. 'ಮೇಸ್ತ್ರಿ ಬಂದರು. ಟೀ. ಗಂಧೆ ಇಲ್ಲ.' 'ಮೇಸ್ತ್ರಿ ಜೊತೆ ನಕ್ಕು ನಕ್ಕು ಹೊಟ್ಟೆ ನೋವು. ಗಂಧೆ ಇಲ್ಲ.' 'ಮೇಸ್ತ್ರಿ ರಜೆ. ಹೊತ್ತು ಹೋಗಲಿಲ್ಲ.' ಅವನ ಕೈ ಆ ಸಾಲಿನ ಮೇಲೆ ನಿಂತಿತು.

"ಇದನ್ನ ಡಾಕ್ಟ್ರು ಕೂಡ ಓದಿದ್ರಾ?"

"ಓದಿದ್ರು... ಮಾನ ಹೋಯ್ತು!"

ಅವನಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. ಆಮೇಲೆ ನೆಲ ನೋಡುತ್ತ ಮೆಲ್ಲಗೆ ಹೇಳಿದ.

"ನಮ್ಮಮ್ಮಂಗೆ ಉಬ್ಬಸ ಇತ್ತು. ನಾನೂ ಅಪ್ಪನೂ ದಿನಾ ಮರದ ಧೂಳು ಹೊತ್ಕೊಂಡೇ ಮನೆಗೆ ಬರ್ತಿದ್ವಿ. ಅದ್ರಿಂದ ಜಾಸ್ತಿ ಆಗುತ್ತೆ ಅಂತ ಅಮ್ಮಂಗೆ ಗೊತ್ತಿತ್ತು. ಒಂದು ದಿನಾನೂ ಬಾಯಿ ಬಿಡ್ಲಿಲ್ಲ. ಅವ್ರು ಹೋದ್ಮೇಲೆ ಡಾಕ್ಟ್ರು ಹೇಳಿದ್ದು... ನೀವೂ ಹಾಗೇ ಸುಮ್ನಿದೀರ ಅನ್ಕೊಂಡೆ. ಇನ್ನೊಬ್ರನ್ನ ಹಾಗೆ ಕಳ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ. ನೀವಂದ್ರೆ ನಂಗೆ ಅಷ್ಟು..."

"ಅಷ್ಟು?"

"ಅಷ್ಟು ಇಷ್ಟ."

ಸೂಜಿ ಅಳುತ್ತಿದ್ದಳು. ಕಣ್ಣೀರು ಬಿದ್ದಲ್ಲೆಲ್ಲ ಕೆನ್ನೆ ಚುರುಗುಟ್ಟುತ್ತಿತ್ತು, ಒರೆಸಿಕೊಳ್ಳುವಂತಿರಲಿಲ್ಲ.

"ನಾನು ಸುಮ್ನಿರೋಳಲ್ಲ ಮೇಸ್ತ್ರಿ. ನೋವಾದ್ರೆ ನೋವು ಅಂತೀನಿ. ನೀವು ಹೇಳ್ದೆ ಹೋದ್ರಲ್ಲ, ಅದು ನೋವಾಯ್ತು. ತುಂಬಾ."

"ತಪ್ಪಾಯ್ತು. ಕೇಳ್ಬೇಕಿತ್ತು."

"ಈ ಗಂಧೆ ಹೋಗ್ಬಹುದು, ವರ್ಷಗಟ್ಲೆ ಇರ್ಲೂಬಹುದು ಅಂದಿದಾರೆ. ಮುಖ ಹೀಗೇ ಆಗ್ತಿರುತ್ತೆ. ನೋಡೋಕೆ ಚೆನ್ನಾಗಿರಲ್ಲ."

"ನೀವು ಬಂದಾಗಿನಿಂದ ನೋಡ್ತಾನೇ ಇದೀನಲ್ಲ!" ಎಂದ ಅವನು. ನಿಜಕ್ಕೂ ನೋಡುತ್ತಿದ್ದ. ನೆಲವನ್ನಲ್ಲ, ಬೇರೆ ಯಾರನ್ನೂ ಅಲ್ಲ, ಅವಳನ್ನೇ.

ಅವನ ಕೈ ಅವಳ ಕೈಯತ್ತ ಚಾಚಿತು, ಅರ್ಧದಲ್ಲೇ ನಿಂತಿತು.

"ಮುಟ್ಬಹುದಾ?"

"ಈಗ ಬೇಡ. ಉರೀತಿದೆ."

"ಮತ್ತೆ ನಾನೇನು ಮಾಡ್ಲಿ?"

"ಪಕ್ಕದಲ್ಲಿ ಕೂತ್ಕೊಳ್ಳಿ."

ಮೇಸ್ತ್ರಿ ಒಂದು ಹಲಗೆ ಎಳೆದು, ಅದರ ಧೂಳು ಒರೆಸಿ, ಅವಳಿಗೆ ಜಾಗ ಬಿಟ್ಟು ಕೂತ. ಸೂಜಿ ಆ ಜಾಗದಲ್ಲಿ ಕೂತಳು.

"ಎಷ್ಟು ಹೊತ್ತು ಕೂತ್ಕೊಳ್ಳಲಿ?"

"ಇಳಿಯೋವರೆಗೂ."

"ಇಳಿದ ಮೇಲೆ?"

ಊದಿದ ತುಟಿಯಲ್ಲೇ ಸೂಜಿ ಅಂದು ಮೊದಲ ಸಲ ನಕ್ಕಳು.

"ಎದ್ದು ಹೋಗಿ ಅಂತ ನಾನೇನಾದ್ರೂ ಅಂದ್ನಾ?"